ಕಾಗದ ಸಿಕ್ಕಿಹಾಕಿಕೊಂಡಾಗ: ಅಲ್ ವಕ್ರಾದ ಆಫೀಸಿಗೊಂದು ಬಳಕೆದಾರರ ಕೈಪಿಡಿ

ಈ ಕೈಪಿಡಿ ಯಾರಿಗೆ

ಕತಾರಿನ ಅಲ್ ವಕ್ರಾದ ಕಾಂಟ್ರಾಕ್ಟಿಂಗ್ ಕಂಪನಿಯೊಂದಕ್ಕೆ ಡಾಕ್ಯುಮೆಂಟ್ ಕಂಟ್ರೋಲರ್ ಎಂದು ಸೇರಿ, ಮೊದಲ ದಿನವೇ "ಪ್ರಿಂಟರ್ ಪಕ್ಕದ ಟೇಬಲ್ ನಿಮ್ಮದು" ಎಂದು ಹೇಳಿಸಿಕೊಂಡವರಿಗೆ. ಅಕೌಂಟ್ಸಿನವರು, ಟೈಮ್‌ಕೀಪರುಗಳು, ಸೆಕ್ರೆಟರಿಗಳೂ ಓದಬಹುದು. ಎಂಜಿನಿಯರುಗಳು ಓದಲೇಬೇಕು, ಆದರೆ ಓದುವುದಿಲ್ಲ.

ಪ್ರಿಂಟರ್ ಜೊತೆ ಬಂದ ಅಸಲಿ ಕೈಪಿಡಿ ಎಲ್ಲಿ ಎಂದು ಕೇಳಬೇಡಿ. ಪ್ಲಾಸ್ಟಿಕ್ ಕವರು ಕೂಡ ಬಿಚ್ಚದೆ ಕೆಳಗಿನ ಡ್ರಾಯರಿನಲ್ಲಿ, ಒಣಗಿದ ಸ್ಟಾಂಪ್ ಪ್ಯಾಡಿನ ಅಡಿಯಲ್ಲಿ ಅದು ಕ್ಷೇಮವಾಗಿದೆ. ಅದರಲ್ಲಿ ಹತ್ತಾರು ಭಾಷೆಗಳಿವೆ, ಕನ್ನಡ ಇಲ್ಲ. ಚಿತ್ರಗಳಲ್ಲಿ ಬಾಣದ ಗುರುತುಗಳಿವೆ, ಮುಚ್ಚಳ ಎತ್ತುವ ಒಂದು ಕೈ ಇದೆ. ಆ ಕೈಗೆ ಮೈಯಿಲ್ಲ. ಹಾಗಾಗಿ ಅದರ ಬೆನ್ನ ಹಿಂದೆ ನಿಂತು "ಆಯ್ತಾ? ಇನ್ನೂ ಎಷ್ಟೊತ್ತು?" ಎನ್ನುವವರೂ ಇಲ್ಲ. ನಮ್ಮಲ್ಲಿ ಇದ್ದಾರೆ. ಈ ಕೈಪಿಡಿ ಬರೆಯಬೇಕಾಗಿ ಬಂದದ್ದು ಅವರಿಂದ.

ಕೈಹಾಕುವ ಮೊದಲು ಷರತ್ತು ಓದಿಕೊಳ್ಳಿ. ಸಿಕ್ಕಿಕೊಂಡ ಹಾಳೆಯನ್ನು ನೀವು ಒಮ್ಮೆ ಬಿಡಿಸಿದಿರೋ, ಆ ಗಳಿಗೆಯಿಂದ ಪ್ರಿಂಟರ್ ನಿಮ್ಮ ತಲೆಗೆ. ಟೋನರ್ ಮುಗಿದರೆ ನೀವು, ಸ್ಕ್ಯಾನ್ ಮಾಡಿದ್ದು ಇಮೇಲಿಗೆ ಬರದಿದ್ದರೆ ನೀವು, ಕೊನೆಗೆ ಪ್ಯಾಂಟ್ರಿಯ ನೀರಿನ ಮೆಷಿನ್ ಸೋರಿದರೂ ನೀವೇ. ನಾಲ್ಕು ಮೂಲೆಯಿಂದ ಕರೆ ಬರುತ್ತದೆ. ಒಬ್ಬರು "ಭಾಯಿ, ಫಿರ್ ಅಟಕ್ ಗಯಾ" ಎನ್ನುತ್ತಾರೆ, ಒಬ್ಬರು "ಚೇಟ್ಟಾ" ಎನ್ನುತ್ತಾರೆ, ಸರ್ಕಾರಿ ಕಚೇರಿಗಳಿಗೆ ಓಡಾಡುವ ಮಂದೂಬ್ ಬಾಗಿಲಲ್ಲೇ ನಿಂತು "ಯಲ್ಲಾ ಸದೀಕ್, ಯಲ್ಲಾ" ಎಂದು ಗಡಿಯಾರ ತೋರಿಸುತ್ತಾನೆ, ಊರಿನವರೊಬ್ಬರು "ಅಣ್ಣಾ, ಒಮ್ಮೆ ನೋಡಿ ಮಾರಾಯ್ರೆ" ಎಂದು ಮೆಲ್ಲಗೆ ಕರೆಯುತ್ತಾರೆ. ಇದಕ್ಕೆಲ್ಲ ಒಪ್ಪಿಗೆ ಇದ್ದರೆ ಮುಂದೆ ಓದಿ.

ಎಚ್ಚರಿಕೆ

ಕೊರಳಲ್ಲಿ ನೇತಾಡುವ ಐಡಿ ಕಾರ್ಡಿನ ಪಟ್ಟಿಯನ್ನು ಅಂಗಿಯ ಒಳಗೆ ಹಾಕಿಕೊಳ್ಳಿ. ರೋಲರಿಗೆ ಕಾಗದ ಯಾವುದು, ಪಟ್ಟಿ ಯಾವುದು ಎಂಬ ಭೇದವಿಲ್ಲ.

ಮೆಷಿನ್ನಿನ ಒಳಗೆ ಫ್ಯೂಸರ್ ಎಂಬ ಭಾಗವಿದೆ. ಕೆಲಸ ಮಾಡುವಾಗ ಅದರ ಬಿಸಿ 200 ಡಿಗ್ರಿ ಸೆಲ್ಸಿಯಸ್ ಆಸುಪಾಸು. ಜೂನ್ ತಿಂಗಳ ವಕ್ರಾದಲ್ಲಿ ಮಧ್ಯಾಹ್ನ ನಿಲ್ಲಿಸಿದ ಕಾರಿನ ಬಾಗಿಲು ಮುಟ್ಟಿ ಅಭ್ಯಾಸವಿದೆ ಎಂಬ ಧೈರ್ಯದಲ್ಲಿ ಇದನ್ನು ಮುಟ್ಟಬೇಡಿ. ಹಸಿರು ಅಥವಾ ನೀಲಿ ಬಣ್ಣ ಬಳಿದ ಹಿಡಿಕೆಗಳು ಕಂಡರೆ ಅವು ನಿಮ್ಮ ಕೈಗೆಂದೇ ಇರುವಂಥವು. ಬೇರೆಯವು ನಿಮ್ಮ ಕೈಗೆ ಅಲ್ಲ.

ಟೋನರ್ ಎಂದರೆ ಶಾಯಿಯಲ್ಲ, ಇದ್ದಿಲ ಕಪ್ಪು ಬೆರೆಸಿದ ಪ್ಲಾಸ್ಟಿಕ್ಕಿನ ಹುಡಿ. ಒಂದೊಂದು ಕಣ ಮಿಲಿಮೀಟರಿನ ನೂರನೇ ಒಂದು ಭಾಗಕ್ಕಿಂತಲೂ ಸಣ್ಣದು. ಅಂಗಿಯ ಮೇಲೆ ಬಿದ್ದರೆ ಒಣಬಟ್ಟೆಯಲ್ಲಿ ಕೊಡವಿ, ತಣ್ಣೀರಲ್ಲಿ ತೊಳೆಯಿರಿ. ಬಿಸಿನೀರು ತಾಗಿದರೆ ಆ ಹುಡಿ ಮೆತ್ತಗಾಗಿ ನೂಲಿಗೆ ಅಂಟುತ್ತದೆ. ಇಲ್ಲಿ ಇನ್ನೊಂದು ಮಾತಿದೆ. ಬೇಸಿಗೆಯಲ್ಲಿ ವಕ್ರಾದ ತಣ್ಣೀರಿನ ನಲ್ಲಿ ತಿರುಗಿಸಿದರೆ ಮಾಳಿಗೆಯ ಟ್ಯಾಂಕಿನಲ್ಲಿ ಕಾದ ಬಿಸಿನೀರೇ ಬರುತ್ತದೆ. ಕುಡಿಯುವ ನೀರಿನ ಮೆಷಿನ್ನಿನಿಂದ ಒಂದು ಲೋಟ ಹಿಡಿದು ತನ್ನಿ. ಚೆಲ್ಲಿದ ಟೋನರಿಗೆ ಕಸ ಎಳೆಯುವ ವ್ಯಾಕ್ಯೂಮ್ ಹಿಡಿಯಬೇಡಿ. ಅದರ ಜರಡಿಯಲ್ಲಿ ಈ ಹುಡಿ ನಿಲ್ಲುವುದಿಲ್ಲ, ಮುಂದಿನಿಂದ ಹೋದದ್ದು ಹಿಂದಿನಿಂದ ಬಂದು ಗೋಡೆ ಸೇರುತ್ತದೆ.

ಜ್ಯಾಮ್ ಅಲ್ಲದ ಜ್ಯಾಮುಗಳು

"ಪ್ರಿಂಟ್ ಬರ್ತಿಲ್ಲ" ಎಂದವರೆಲ್ಲ ಜ್ಯಾಮ್ ಎಂದೇ ಹೇಳುತ್ತಾರೆ. ನಂಬಬೇಡಿ.

ಮೊದಲನೆಯದು, ಅಮೆರಿಕದ ಜ್ಯಾಮ್. ಅಲ್ಲಿನ ಕನ್ಸಲ್ಟೆಂಟ್ ಕಳಿಸಿದ ಫೈಲ್ ಲೆಟರ್ ಸೈಜಿನಲ್ಲಿರುತ್ತದೆ, 216 ಮಿಲಿಮೀಟರ್ ಅಗಲ, 279 ಉದ್ದ. ನಮ್ಮ ಟ್ರೇಯಲ್ಲಿರುವುದು ಎ4, 210 ಅಗಲ, 297 ಉದ್ದ. ಪ್ರಿಂಟರ್ ತನಗೆ ಲೆಟರ್ ಕಾಗದ ಬೇಕೆಂದು ಪರದೆಯ ಮೇಲೆ ಬರೆದುಕೊಂಡು ಸುಮ್ಮನೆ ಕೂರುತ್ತದೆ. ಕತಾರಿನಲ್ಲಿ ಯಾವ ಸ್ಟೇಷನರಿ ಅಂಗಡಿಗೆ ಹೋದರೂ ಕೈಗೆ ಬರುವುದು ಎ4. ಸೆಟ್ಟಿಂಗ್ಸಿಗೆ ಹೋಗಿ ಅಳತೆ ಬದಲಿಸಿ, ಮುಗಿಯಿತು. ಮುಚ್ಚಳ ತೆರೆಯುವ ಅಗತ್ಯವೇ ಇಲ್ಲ.

ಎರಡನೆಯದು ನವೆಂಬರ್ ತಿಂಗಳಲ್ಲಿ ಮಾತ್ರ ಬರುವ ಜ್ಯಾಮ್. ರಾಜ್ಯೋತ್ಸವದ ಆಮಂತ್ರಣವನ್ನು ಯಾರೋ ಊರಿನಲ್ಲಿ ನುಡಿ ಫಾಂಟಿನಲ್ಲಿ ಟೈಪಿಸಿ ಕಳಿಸಿರುತ್ತಾರೆ. ನಮ್ಮ ಕಂಪ್ಯೂಟರಿನಲ್ಲಿ ಆ ಫಾಂಟ್ ಇರುವುದಿಲ್ಲ. "ಆತ್ಮೀಯ ಕನ್ನಡ ಬಂಧುಗಳೇ" ಎಂದು ಇರಬೇಕಾದಲ್ಲಿ ಇಂಗ್ಲಿಷ್ ಅಕ್ಷರ, ಕೊಂಬು, ಚುಕ್ಕಿ, ಪೌಂಡಿನ ಗುರುತು ಎಲ್ಲ ಕಲಸಿಕೊಂಡು ಬರುತ್ತವೆ. "ಪ್ರಿಂಟರ್ ಹಾಳಾಗಿದೆ ನೋಡಿ" ಎಂದು ಕನ್ನಡ ಸಂಘದ ಖಜಾಂಚಿಗಳು ಹೇಳಿದರೆ ಪಿಡಿಎಫ್ ಮಾಡಿ ಕಳಿಸಲು ಹೇಳಿ. ಅದಾದ ಮೇಲೆ ಅವರು ಅದೇ ಆಮಂತ್ರಣವನ್ನು ಮದುವೆ ಕಾಗದದಷ್ಟು ದಪ್ಪದ ಹಾಳೆಯಲ್ಲಿ ಹಾಕಿಸಬೇಕೆಂದು ಬಂದೇ ಬರುತ್ತಾರೆ. ಆಗ ಆಗುವುದು ಮಾತ್ರ ಅಸಲಿ ಜ್ಯಾಮ್. ದಪ್ಪ ಹಾಳೆಯನ್ನು ಎಂದೂ ಕೆಳಗಿನ ಟ್ರೇಗೆ ಹಾಕಬೇಡಿ. ಅಲ್ಲಿಂದ ಹೊರಟ ಕಾಗದ ರೋಲರಿನ ಮೈ ಸುತ್ತಿ ಮೇಲೇರಬೇಕು, ಆಮೇಲೆ ಮತ್ತೊಮ್ಮೆ ಬಾಗಿ ತಲೆಯ ಮೇಲಿನ ತಟ್ಟೆಗೆ ಬೀಳಬೇಕು. ದಪ್ಪ ಹಾಳೆಗೆ ಅಷ್ಟು ಬಳುಕುವುದಕ್ಕಾಗುವುದಿಲ್ಲ. ಮುಂದಿನ ಮಡಚುವ ಟ್ರೇ ಬಿಡಿಸಿ, ಒಂದೊಂದೇ ಹಾಳೆ ಕೊಡಿ, ಹಿಂದಿನ ಬಾಗಿಲು ತೆರೆದಿಡಿ, ನೇರ ಹೋಗಿ ನೇರ ಹೊರಗೆ ಬೀಳಲಿ. ಸೆಟ್ಟಿಂಗ್ಸಿನಲ್ಲಿ ದಪ್ಪ ಕಾಗದ ಎಂದು ಆಯ್ಕೆ ಮಾಡುವುದನ್ನು ಮರೆಯಬೇಡಿ. ಆಗ ಫ್ಯೂಸರ್ ಅದಕ್ಕೆ ಸಾಕಾಗುವಷ್ಟು ಶಾಖ ಕೊಡುತ್ತದೆ.

ಕಾಗದ ಹೋಗುವ ದಾರಿ

ಇದನ್ನು ತಿಳಿಯದೆ ಎಳೆಯುವವನು ಹರಿಯುತ್ತಾನೆ. ಆದ್ದರಿಂದ ಸ್ವಲ್ಪ ಹೊತ್ತು ಕೂರಿ.

ಟ್ರೇಯ ಮೇಲಿನ ರಬ್ಬರ್ ರೋಲರ್ ಹಾಳೆಯನ್ನು ಎತ್ತುತ್ತದೆ. ಅದರ ಕೆಳಗಿನ ಪ್ಯಾಡ್ ಎರಡನೇ ಹಾಳೆಯನ್ನು ಹಿಡಿದು ನಿಲ್ಲಿಸುತ್ತದೆ. ಮುಂದೆ ಒಂದು ಜೋಡಿ ರೋಲರ್ ಹಾಳೆಯ ತುದಿಯನ್ನು ಕ್ಷಣ ತಡೆದು ನೆಟ್ಟಗೆ ಮಾಡುತ್ತದೆ. ಅಷ್ಟರಲ್ಲಿ ಮೇಲೆ ಡ್ರಮ್ಮಿನ ಮೇಲೆ ಲೇಸರ್ ಕಿರಣ ನಿಮ್ಮ ಪುಟವನ್ನು ವಿದ್ಯುತ್ತಿನಲ್ಲಿ ಬರೆದಿರುತ್ತದೆ, ಬರೆದಲ್ಲಿ ಮಾತ್ರ ಟೋನರ್ ಕೂರುತ್ತದೆ. ಡ್ರಮ್ಮಿನಿಂದ ಹುಡಿ ಹಾಳೆಗೆ ಇಳಿಯುತ್ತದೆ. ಆಗಿನ್ನೂ ಅದು ಬರಿ ಹುಡಿ, ಊದಿದರೆ ಹಾರುತ್ತದೆ. ಫ್ಯೂಸರಿನ ಎರಡು ಉರುಳೆಗಳ ನಡುವೆ ಹಾದು ಕರಗಿ ಅಂಟಿದ ಮೇಲೆಯೇ ಅದು ಅಕ್ಷರ.

ಈ ಇಡೀ ವಿದ್ಯೆಯ ಮೂಲದಲ್ಲಿ ಇರುವುದು ಧೂಳು. ಜರ್ಮನಿಯ ಗೋಟಿಂಗೆನ್‌ನಲ್ಲಿ ಪ್ರೊಫೆಸರಾಗಿದ್ದ ಗೇಯೊರ್ಗ್ ಕ್ರಿಸ್ಟೋಫ್ ಲಿಖ್ಟೆನ್‌ಬರ್ಗ್ 1777ರಲ್ಲಿ ನೋಡಿದ್ದು ಇಷ್ಟೆ: ವಿದ್ಯುತ್ ತುಂಬಿದ ರಾಳದ ತಟ್ಟೆಯ ಮೇಲೆ ಬಿದ್ದ ಹುಡಿ ಕಂಡಕಂಡಲ್ಲಿ ಚೆಲ್ಲದೆ ನಕ್ಷತ್ರದ ಆಕಾರದಲ್ಲಿ ಕೂರುತ್ತಿತ್ತು. ತಮಾಷೆಯೆಂದರೆ, ನಮ್ಮ ಟ್ರೇಯಲ್ಲಿರುವ ಎ4 ಹಾಳೆಗೂ ಅವರೇ ಮೂಲಪುರುಷ. ಉದ್ದಕ್ಕೂ ಅಗಲಕ್ಕೂ ಎರಡರ ವರ್ಗಮೂಲದ ಅನುಪಾತ ಇಟ್ಟರೆ ಹಾಳೆಯನ್ನು ನಡುವೆ ಮಡಚಿದಾಗಲೂ ಅದೇ ಆಕಾರ ಉಳಿಯುತ್ತದೆ ಎಂದು 1786ರ ಒಂದು ಪತ್ರದಲ್ಲಿ ಬರೆದವರು ಅವರು. ಜರ್ಮನಿ 1922ರಲ್ಲಿ ಅದನ್ನು ಪ್ರಮಾಣವಾಗಿ ತಂದಿತು, 1975ರಲ್ಲಿ ಅದು ಅಂತಾರಾಷ್ಟ್ರೀಯ ಪ್ರಮಾಣವಾಯಿತು. ಎ1 ಡ್ರಾಯಿಂಗನ್ನು ಎ3ಗೆ ಇಳಿಸಿದರೆ ಅಳತೆ ಸರಿಯಾಗಿ ಅರ್ಧಕ್ಕೆ ಇಳಿಯುವುದು ಅದರಿಂದಲೇ. ಇದು ನಮ್ಮ ಕ್ವಾಂಟಿಟಿ ಸರ್ವೇಯರುಗಳಿಗೆ ದಿನವೂ ಅನ್ನ ಹಾಕುವ ಲೆಕ್ಕ. ಹುಡಿಯನ್ನೂ ಹಾಳೆಯನ್ನೂ ಒಬ್ಬನೇ ಮನುಷ್ಯ ಕೊಟ್ಟು ಹೋದ. ಅವೆರಡೂ ಒಂದೇ ಪೆಟ್ಟಿಗೆಯಲ್ಲಿ ಸೇರಿದಾಗ ಏನಾಗುತ್ತದೆಂದು ನೋಡಲು ಮಾತ್ರ ಇರಲಿಲ್ಲ.

ಅವೆರಡನ್ನೂ ಸೇರಿಸಿದವರು ನ್ಯೂಯಾರ್ಕಿನ ಚೆಸ್ಟರ್ ಕಾರ್ಲ್‌ಸನ್. ಕಂಪನಿಯೊಂದರ ಪೇಟೆಂಟ್ ವಿಭಾಗದ ಕೆಲಸ, ಅದೇ ಕಾಗದಗಳ ನಕಲನ್ನು ಮತ್ತೆ ಮತ್ತೆ ತೆಗೆಯಬೇಕು, ಮೇಲೆ ಸಂಧಿವಾತ. 1938ರ ಅಕ್ಟೋಬರ್ 22ರಂದು ಅಸ್ಟೋರಿಯಾದ ಬಾಡಿಗೆ ಕೋಣೆಯಲ್ಲಿ ಗಂಧಕ ಬಳಿದ ಸತುವಿನ ತಗಡನ್ನು ಕರವಸ್ತ್ರದಿಂದ ಉಜ್ಜಿ, ಬೆಳಕು ಹಾಯಿಸಿ, ಹುಡಿ ಉದುರಿಸಿ, ಮೇಣದ ಕಾಗದಕ್ಕೆ ಒತ್ತಿ, ಬಿಸಿ ಮಾಡಿ ಮೊದಲ ನಕಲು ತೆಗೆದರು. ಅದರಲ್ಲಿ ಇದ್ದದ್ದು ಆ ದಿನದ ತಾರೀಕು ಮತ್ತು ಊರಿನ ಹೆಸರು. ನಮ್ಮ ಟ್ರಾನ್ಸ್‌ಮಿಟ್ಟಲುಗಳ ತಲೆಯಲ್ಲೂ ಅವೆರಡೇ ಇರುತ್ತವೆ. ಆ ದಾರಿಯಲ್ಲೇ 1959ರಲ್ಲಿ ಜೆರಾಕ್ಸ್ 914 ಬಂತು. ಒಳಗೆ ಸಿಕ್ಕಿಕೊಂಡ ಕಾಗದ ಕಮರಿ ಬೆಂಕಿ ಹತ್ತುವ ಸಂಭವವಿದ್ದುದರಿಂದ ಅದರ ಜೊತೆಗೆ ಬೆಂಕಿ ಆರಿಸುವ ಸಣ್ಣ ಸಿಲಿಂಡರನ್ನೂ ಕೊಡುತ್ತಿದ್ದರು. ಲೇಸರ್ ಕಿರಣದಿಂದ ಬರೆಸುವ ಉಪಾಯ ಗ್ಯಾರಿ ಸ್ಟಾರ್ಕ್‌ವೆದರ್ ಅವರದು. ಜೆರಾಕ್ಸ್ ಅದನ್ನು ಮಾರುಕಟ್ಟೆಗೆ ತಂದದ್ದು 1977ರಲ್ಲಿ, 9700 ಎಂಬ ದೈತ್ಯನ ರೂಪದಲ್ಲಿ. ಮೇಜಿನ ಮೇಲೆ ಕೂರುವ ಎಚ್‌ಪಿ ಲೇಸರ್‌ಜೆಟ್ 1984ರದು. ಈಗಿನವುಗಳಿಗೆ ಸಿಲಿಂಡರ್ ಕೊಡುವುದಿಲ್ಲ. ಬೆನ್ನ ಹಿಂದೆ ನಿಂತವರ ಮೇಲೆ ಬಳಸಿಬಿಡುತ್ತಾರೆಂಬ ಭಯ ಇರಬಹುದು.

ದಾರಿಯುದ್ದಕ್ಕೂ ಸಣ್ಣ ಕಪ್ಪು ಪ್ಲಾಸ್ಟಿಕ್ ನಾಲಗೆಗಳಿವೆ, ಅವೇ ಸೆನ್ಸರುಗಳು. ಹಾಳೆ ಬಂದರೆ ಮಲಗುತ್ತವೆ, ಹೋದರೆ ಏಳುತ್ತವೆ. ಹಾಳೆ ಯಾವ ಕ್ಷಣಕ್ಕೆ ಎಲ್ಲಿರಬೇಕೆಂದು ಮೆಷಿನ್ನಿಗೆ ಲೆಕ್ಕ ಗೊತ್ತು. ನಿಮಿಷಕ್ಕೆ 30 ಪುಟದ ಪ್ರಿಂಟರಿನಲ್ಲಿ ಎರಡು ಸೆಕೆಂಡಿಗೊಂದು ಹಾಳೆ ಹೊರಬೀಳಬೇಕು. ಬರಬೇಕಾದ ಹೊತ್ತಿಗೆ ಬರಲಿಲ್ಲವೋ, ಹೋಗಬೇಕಾದ ಹೊತ್ತಿಗೆ ಹೋಗಲಿಲ್ಲವೋ, ಎಲ್ಲವನ್ನೂ ನಿಲ್ಲಿಸಿ ಕೆಂಪು ದೀಪ ಹಾಕುತ್ತದೆ. ಇಡೀ ಕಾಂಟ್ರಾಕ್ಟಿಂಗ್ ಉದ್ಯಮದಲ್ಲಿ ತಡವಾದದ್ದನ್ನು ತಕ್ಷಣ ಒಪ್ಪಿಕೊಳ್ಳುವುದು ಇದೊಂದೇ.

ಮೊದಲ ಹೆಜ್ಜೆ: ಆಫ್ ಮಾಡಬೇಡಿ

ಸ್ವಿಚ್ಚು ಆಫ್ ಮಾಡಿ ಆನ್ ಮಾಡುವುದೇ ಸಕಲ ರೋಗಕ್ಕೂ ಮದ್ದು ಎಂದು ನಂಬಿದವರು ಪ್ರತಿ ಆಫೀಸಿನಲ್ಲೂ ಇದ್ದಾರೆ. ಅವರಿಗಿಂತ ಮುಂಚೆ ನೀವು ಪ್ರಿಂಟರಿನ ಹತ್ತಿರ ತಲುಪಬೇಕು. ಹಾಳೆ ಎಲ್ಲಿ ನಿಂತಿದೆ ಎಂದು ಪರದೆ ಹೇಳುತ್ತದೆ, ಅದನ್ನು ಓದಿ. ಟ್ರೇ ಎರಡು ಎಂದರೆ ಟ್ರೇ ಎರಡು. ಮನುಷ್ಯರು ಹೇಳುವ ಕಾರಣಗಳಲ್ಲಿ ಅನುಮಾನಕ್ಕೆ ಜಾಗ ಇರುತ್ತದೆ, ಈ ಪರದೆಯ ಮಾತಿನಲ್ಲಿ ಅಷ್ಟಿಲ್ಲ.

ಕಷ್ಟವೆಂದರೆ ಈ ಮಾತು ಪ್ರಿಂಟರಿನ ಎದುರು ನಿಂತವನಿಗೆ ಮಾತ್ರ ಕಾಣುತ್ತದೆ. ಮೂರನೇ ಕೋಣೆಯಲ್ಲಿ ಕುಳಿತು ಪ್ರಿಂಟ್ ಒತ್ತಿದವರು ಬಂದಿಲ್ಲವೆಂದು ಮತ್ತೊಮ್ಮೆ ಒತ್ತುತ್ತಾರೆ. ಅಮೆರಿಕದ ಎಂಐಟಿಯ ಪ್ರಯೋಗಾಲಯದಲ್ಲೂ ಇದೇ ಕತೆ ಇತ್ತು. ಅಲ್ಲಿದ್ದ ರಿಚರ್ಡ್ ಸ್ಟಾಲ್ಮನ್ ಹಳೆಯ ಪ್ರಿಂಟರಿನ ತಂತ್ರಾಂಶವನ್ನು ತಿದ್ದಿ, ಕಾಗದ ಸಿಕ್ಕಿಕೊಂಡರೆ ಕಾಯುತ್ತಿರುವವರಿಗೆಲ್ಲ ಸಂದೇಶ ಹೋಗುವಂತೆ ಮಾಡಿದ್ದರು. 1980ರ ಸುಮಾರಿಗೆ ಹೊಸ ಲೇಸರ್ ಪ್ರಿಂಟರ್ ಬಂತು. ಅದರ ತಂತ್ರಾಂಶದ ಮೂಲವನ್ನು ಕೇಳಿದರೆ, ಇಟ್ಟುಕೊಂಡವರು ಕೊಡಲು ನಿರಾಕರಿಸಿದರು. ಆ ಸಿಟ್ಟು ಬೆಳೆದು 1983ರಲ್ಲಿ ಗ್ನೂ ಯೋಜನೆಯ ಘೋಷಣೆಯವರೆಗೆ ಹೋಯಿತು. ಸ್ವತಂತ್ರ ತಂತ್ರಾಂಶದ ಚಳವಳಿಗೆ ಸಿಕ್ಕಿಕೊಂಡ ಕಾಗದವೂ ಒಂದು ಕಾರಣ ಎಂದು ಅವರೇ ಹೇಳಿಕೊಂಡು ಬಂದಿದ್ದಾರೆ. ನಮ್ಮ ಆಫೀಸಿನಲ್ಲಿ ಆ ಸಿಟ್ಟು ಸಾಮಾನ್ಯವಾಗಿ ವಾಟ್ಸ್ಆ್ಯಪ್ ಗ್ರೂಪಿನವರೆಗೆ ಹೋಗುತ್ತದೆ.

ಎರಡನೇ ಹೆಜ್ಜೆ: ಟ್ರೇ

ಟ್ರೇಯನ್ನು ಪೂರ್ತಿ ಹೊರಗೆಳೆಯಿರಿ. ಅರ್ಧ ಎಳೆದು ಕೈ ತೂರಿಸಬೇಡಿ. ಸಿಕ್ಕಿದ ಹಾಳೆಯ ತುದಿ ರೋಲರಿನ ಬಾಯಲ್ಲಿ ಕಾಣುತ್ತದೆ. ಎರಡೂ ಕೈಯಲ್ಲಿ, ಎರಡೂ ಅಂಚಿನಲ್ಲಿ ಹಿಡಿದು, ಹಾಳೆ ಹೋಗುತ್ತಿದ್ದ ದಿಕ್ಕಿಗೇ ಮೆಲ್ಲಗೆ ಎಳೆಯಿರಿ. ಒಂದು ಮೂಲೆ ಹಿಡಿದು ಜಗ್ಗಿದರೆ ಆ ಮೂಲೆ ಮಾತ್ರ ನಿಮ್ಮ ಕೈಗೆ ಬರುತ್ತದೆ. ಇಲ್ಲಿಯೇ ಕೆಲಸ ಮುಗಿದರೆ ನಿಮ್ಮ ಪುಣ್ಯ.

ಮೂರನೇ ಹೆಜ್ಜೆ: ಕಾರ್ಟ್ರಿಜ್

ಮುಂದಿನ ಬಾಗಿಲು ತೆರೆದು ಕಾರ್ಟ್ರಿಜ್ ತೆಗೆಯಿರಿ. ಕೆಳಗಿರುವ ಹಸಿರೋ ನೀಲಿಯೋ ಹೊಳೆಯುವ ಉರುಳೆಯೇ ಡ್ರಮ್. ಬೆಳಕು ತಾಗಿದರೆ ಅದು ಕೆಡುತ್ತದೆ, ಬೆರಳು ತಾಗಿದರೂ ಕೆಡುತ್ತದೆ. ಒಂದು ಕಾಗದ ಹಾಸಿ ಅದರ ಮೇಲಿಟ್ಟು, ಇನ್ನೊಂದನ್ನು ಹೊದಿಸಿ. ಕಿಟಕಿಯ ಪಕ್ಕ ಇಡಲೇಬಾರದು. ವಕ್ರಾದ ಬಿಸಿಲು ಪರದೆಯ ಸಂದಿನಿಂದಲೂ ಒಳಗೆ ಬರುತ್ತದೆ.

ಇಲ್ಲಿಂದ ಬಿಡಿಸಿದ ಹಾಳೆಯ ಮೇಲಿನ ಟೋನರ್ ಬೆಂದಿರುವುದಿಲ್ಲ. ಆ ಹಾಳೆಯನ್ನು ತಕ್ಷಣ ಮಡಚಿ ಬಿಸಾಕಿ. ಇಲ್ಲವಾದರೆ ಯಾರೋ ಅದನ್ನೇ "ಪರವಾಗಿಲ್ಲ, ಚೆನ್ನಾಗೇ ಬಂದಿದೆ" ಎಂದು ಎತ್ತಿಕೊಂಡು ಕಂಪನಿಯ ಸೀಲು ಒತ್ತುತ್ತಾರೆ. ಸೀಲಿನ ಜೊತೆ ಅರ್ಧ ಪ್ಯಾರಾ ಎದ್ದು ಬರುತ್ತದೆ. ಮುಂದೆ ಒತ್ತುವ ಪ್ರತಿ ಸೀಲಿನಲ್ಲೂ ಆ ಪ್ಯಾರಾದ ಪಾಲು ಇರುತ್ತದೆ.

ನಾಲ್ಕನೇ ಹೆಜ್ಜೆ: ಫ್ಯೂಸರ್

ಹಿಂದಿನ ಬಾಗಿಲು. ಗೋಡೆಗೆ ತಾಗಿಸಿ ಇಟ್ಟಿರುತ್ತಾರೆ, ಮೊದಲು ಮೆಷಿನ್ನನ್ನು ಮುಂದೆ ಎಳೆದುಕೊಳ್ಳಬೇಕು. ಬಾಗಿಲು ತೆರೆದ ಕೂಡಲೇ ಬಿಸಿ ಗಾಳಿ ಮುಖಕ್ಕೆ ಬಡಿಯುತ್ತದೆ, ಕರಟಿದ ಕಾಗದದ ವಾಸನೆ ಬರುತ್ತದೆ. ಒಳಗೆ ಹಾಳೆ ಪಟಪಟ ಮಡಿಕೆ ಬಿದ್ದು ಬೆರಳಗಲಕ್ಕೆ ಕುಗ್ಗಿ ಕೂತಿರುತ್ತದೆ. ಮುಂದಿನ ತುದಿ ನಿಂತರೂ ಹಿಂದಿನಿಂದ ರೋಲರುಗಳು ನೂಕುತ್ತಲೇ ಇದ್ದುದರ ಫಲ ಅದು. ಎರಡೂ ಪಕ್ಕದಲ್ಲಿ ಹಸಿರು ಹಿಡಿಕೆಗಳಿದ್ದರೆ ಮೊದಲು ಅವನ್ನು ಸಡಿಲಿಸಿ. ಉರುಳೆಗಳ ಹಿಡಿತ ಬಿಡುತ್ತದೆ. ಆಮೇಲೆ ಎಳೆಯಿರಿ. ಹಿಡಿಕೆ ಸಡಿಲಿಸದೆ ಎಳೆದರೆ ಉರುಳೆಯ ತೆಳ್ಳಗಿನ ಹೊದಿಕೆ ಸುಕ್ಕಾಗುತ್ತದೆ. ಅಲ್ಲಿಂದ ಮುಂದೆ ಪ್ರತಿ ಪುಟದಲ್ಲೂ ಒಂದೇ ಜಾಗದಲ್ಲಿ ಕರಿ ಗೆರೆ. ಕಂಪನಿಯ ಲೆಟರ್‌ಹೆಡ್ಡೇ ಹಾಗೆ ಎಂದು ಕೆಲವು ಕಾಲ ನಂಬಿಸಬಹುದು.

ಅಂಟಿಸುವ ಸ್ಟಿಕ್ಕರ್ ಹಾಳೆಯ ಅರ್ಧ ಕಿತ್ತು ಉಳಿದರ್ಧವನ್ನು ಮತ್ತೆ ಟ್ರೇಗೆ ಹಾಕುವವರು ಸ್ಟೋರಿನಲ್ಲಿ ಒಬ್ಬರಾದರೂ ಇರುತ್ತಾರೆ. ಸ್ಟಿಕ್ಕರಿನ ಗೋಂದು ಫ್ಯೂಸರಿನಲ್ಲಿ ಕರಗಿದರೆ ಈ ಕೈಪಿಡಿಯ ವ್ಯಾಪ್ತಿ ಅಲ್ಲಿಗೆ ಮುಗಿಯಿತು. ಮೆಕ್ಯಾನಿಕ್ಕಿಗೆ ಫೋನ್ ಮಾಡಿ. ಅವನು "ಬುಕ್ರಾ, ಇನ್ಶಾ ಅಲ್ಲಾಹ್", ಅಂದರೆ ದೇವರು ಬಯಸಿದರೆ ನಾಳೆ, ಎನ್ನುತ್ತಾನೆ. ಕ್ಯಾಲೆಂಡರಿನಲ್ಲಿ ಗುರುತು ಹಾಕಿಕೊಳ್ಳಬೇಡಿ.

ಹಾಳೆ ಇಣುಕಿ ಒಳಗೆ ಹೋದರೆ

ಎರಡೂ ಬದಿ ಮುದ್ರಿಸುವಾಗ ಹಾಳೆ ಮೇಲಿನಿಂದ ಮುಕ್ಕಾಲು ಪಾಲು ಹೊರಬಂದು, ಒಂದು ಕ್ಷಣ ನಿಂತು, ಹಿಂದಕ್ಕೆ ಒಳಗೆ ಹೋಗುತ್ತದೆ. ಇನ್ನೊಂದು ಬದಿಗೆ ಅಕ್ಷರ ಬೀಳಬೇಕಲ್ಲ. ಇದು ತಿಳಿಯದ ಒಬ್ಬ ಎಂಜಿನಿಯರ್ ಪ್ರಿಂಟರಿನ ಎದುರು ನಿಂತಿದ್ದರೆ, ಬಂದದ್ದು ಮತ್ತೆ ಹೋಗುತ್ತಿದೆಯಲ್ಲ ಎಂದು ಗಾಬರಿಯಿಂದ ಹಿಡಿದುಕೊಳ್ಳುತ್ತಾರೆ. ಒಳಗಿನಿಂದ ಮೋಟರು ಎಳೆಯುತ್ತದೆ, ಹೊರಗಿನಿಂದ ಬಿ.ಇ. ಸಿವಿಲ್ ಎಳೆಯುತ್ತದೆ. ಗೆಲ್ಲುವುದು ಯಾರೂ ಅಲ್ಲ, ಹಾಳೆ ಎರಡಾಗುತ್ತದೆ.

ಬೇಸಿಗೆಯಲ್ಲಿ ಇದು ಜಾಸ್ತಿ. ಜೂನ್ 1ರಿಂದ ಸೆಪ್ಟೆಂಬರ್ 15ರವರೆಗೆ ಬೆಳಿಗ್ಗೆ 10ರಿಂದ ಮಧ್ಯಾಹ್ನ 3.30ರ ತನಕ ಬಯಲಿನಲ್ಲಿ ಕೆಲಸ ಮಾಡಿಸುವಂತಿಲ್ಲ ಎಂಬುದು ಇಲ್ಲಿನ ನಿಯಮ. ಕೆಲಸಗಾರರ ಜೀವಕ್ಕೆ ಬೇಕಾದ ಒಳ್ಳೆಯ ನಿಯಮ. ಆ ಹೊತ್ತಿಗೆ ಸೈಟಿನಲ್ಲಿದ್ದ ಎಂಜಿನಿಯರುಗಳೆಲ್ಲ ಆಫೀಸಿಗೆ ಬರುತ್ತಾರೆ, ಬಾಕಿ ಇದ್ದ ಇನ್‌ಸ್ಪೆಕ್ಷನ್ ರಿಕ್ವೆಸ್ಟುಗಳನ್ನೆಲ್ಲ ಒಟ್ಟಿಗೆ ಪ್ರಿಂಟಿಗೆ ಕೊಡುತ್ತಾರೆ. ಬಿಸಿಲಿನಿಂದ ಮನುಷ್ಯರಿಗೆ ವಿನಾಯಿತಿ ಉಂಟು, ಪ್ರಿಂಟರಿಗೆ ಇಲ್ಲ.

ಚೂರು

ಇದು ಈ ಕೈಪಿಡಿಯ ಅತಿ ಮುಖ್ಯ ಭಾಗ. ಹೊರಬಂದ ಹಾಳೆಯನ್ನು ಮೇಜಿನ ಮೇಲೆ ಬಿಡಿಸಿ, ಕೈಯಲ್ಲಿ ತೀಡಿ, ನಾಲ್ಕೂ ಮೂಲೆ ಇದೆಯೇ ನೋಡಿ. ಒಂದು ಮೂಲೆ ಇಲ್ಲವೆಂದರೆ ಅದು ಒಳಗಿದೆ. ಉಗುರಿನಗಲದ ಒಂದು ಚೂರು ಸೆನ್ಸರಿನ ನಾಲಗೆಯ ಮೇಲೆ ಕೂತರೆ ಸಾಕು, ಒಳಗೆ ಏನೂ ಇಲ್ಲದಿದ್ದರೂ ಹಾಳೆ ಇದೆ ಎಂದು ಮೆಷಿನ್ ಹಟ ಹಿಡಿಯುತ್ತದೆ. ಎಲ್ಲ ಬಾಗಿಲು ತೆರೆದು ಮುಚ್ಚಿ, ಎರಡೆರಡು ಬಾರಿ ಕೈಯಾಡಿಸಿ, "ಖಲಾಸ್, ಹೊಸದು ತರಿಸಿ" ಎಂದು ಮ್ಯಾನೇಜರ್ ತೀರ್ಮಾನ ಕೊಟ್ಟ ಮೆಷಿನ್ನುಗಳಲ್ಲಿ ಬಹುಪಾಲು ಇಂಥ ಚೂರಿನಿಂದ ನಿಂತವು. ಮೊಬೈಲಿನ ಟಾರ್ಚ್ ಹಾಕಿ ನಾಲಗೆಯನ್ನು ಹುಡುಕಿ, ಬೆರಳಲ್ಲಿ ಮೀಟಿ ನೋಡಿ. ಬಿಟ್ಟ ಕೂಡಲೇ ಅದು ತಾನೇ ಮೇಲೇಳಬೇಕು. ಚೂರನ್ನು ಚಿಮಟದಲ್ಲಿ ಹೆಕ್ಕಿ. ಸ್ಕ್ರೂಡ್ರೈವರ್, ಸ್ಕೇಲು, ಟೀ ಚಮಚ ಬೇಡ.

ಮೂಲ ಕಾರಣ: ಸಮುದ್ರ

ಇಷ್ಟೂ ಹೇಳಿದ ಮೇಲೆ ನನ್ನ ಅಭಿಪ್ರಾಯ ಹೇಳುತ್ತೇನೆ. ಜ್ಯಾಮ್ ಆಗುವುದು ಪ್ರಿಂಟರಿನಲ್ಲಿ ಅಲ್ಲ, ರೀಮಿನಲ್ಲಿ. ಪ್ರಿಂಟ್ ಒತ್ತುವುದಕ್ಕಿಂತ ದಿನಗಳ ಮುಂಚೆಯೇ ಆಗಿ ಕೂತಿರುತ್ತದೆ.

ವಕ್ರಾ ಮೊದಲು ಮುತ್ತು ತೆಗೆಯುವವರ, ಮೀನು ಹಿಡಿಯುವವರ ಊರು. ಇಲ್ಲಿನ ಹಳೆಯ ಪೇಟೆಯಾದ ಸೂಕಿನ ಎದುರಿಗೇ ಸಮುದ್ರ. ವಾಸ್ತುಶಿಲ್ಪಿ ಝಾಹಾ ಹದೀದ್ ಅವರ ಸಂಸ್ಥೆ ಇಲ್ಲಿನ ಅಲ್ ಜನೂಬ್ ಕ್ರೀಡಾಂಗಣವನ್ನು ರೂಪಿಸುವಾಗ ಧೋ ಹಡಗಿನ ಹಾಯಿಯನ್ನೇ ಮಾದರಿ ಮಾಡಿಕೊಂಡಿತು. 2019ರಲ್ಲಿ ಅದು ತೆರೆದ ತಿಂಗಳಲ್ಲೇ ಮೆಟ್ರೋದ ರೆಡ್ ಲೈನ್ ಕೂಡ ವಕ್ರಾಕ್ಕೆ ಬಂತು. ಆಗಸ್ಟ್, ಸೆಪ್ಟೆಂಬರಿನಲ್ಲಿ ಆ ಕೊನೆಯ ಸ್ಟೇಷನ್ನಿನ ತಂಪಿನಿಂದ ಹೊರಗೆ ಕಾಲಿಟ್ಟವರ ಕನ್ನಡಕ ಮಂಜಾಗುತ್ತದೆ, ಒರೆಸುವ ತನಕ ಕಾರು ಯಾವುದು, ಕಂಬ ಯಾವುದು ಗೊತ್ತಾಗುವುದಿಲ್ಲ. ಅದೇ ಹವೆಯನ್ನು ನಿಮ್ಮ ರೀಮ್ ಕೂಡ ಕುಡಿಯುತ್ತದೆ.

ಕಾಗದ ಎಂದರೆ ಮರದ ನಾರು. ಗಾಳಿಯಲ್ಲಿ ತೇವ ಇದ್ದರೆ ಹೀರುತ್ತದೆ, ಇಲ್ಲದಿದ್ದರೆ ಬಿಡುತ್ತದೆ. ಕಾರ್ಖಾನೆಯಿಂದ ಹೊರಡುವಾಗ ಅದರಲ್ಲಿ ಸುಮಾರು ಶೇ. 5ರಷ್ಟು ನೀರಿನಂಶ ಇರುತ್ತದೆ, ಅದು ಹಾಗೇ ಉಳಿಯಲಿ ಎಂದೇ ರೀಮಿನ ಹೊದಿಕೆಗೆ ತೇವ ದಾಟದ ಲೇಪ. ನಾವು ಏನು ಮಾಡುತ್ತೇವೆ? ಗುರುವಾರ ಸಂಜೆ ಹೊದಿಕೆ ಹರಿದು, ಅರ್ಧ ಟ್ರೇಗೆ ಹಾಕಿ, ಉಳಿದರ್ಧವನ್ನು ಪ್ರಿಂಟರಿನ ಪಕ್ಕ ಹಾಗೇ ಇಟ್ಟು, ಏಸಿ ಆರಿಸಿ, ಶುಕ್ರವಾರ ಶನಿವಾರ ರಜೆ ಎಂದು ಹೋಗುತ್ತೇವೆ. ಭಾನುವಾರ ಬೆಳಿಗ್ಗೆ ಬಂದು ನೋಡಿದರೆ ಮಳೆಗಾಲದಲ್ಲಿ ಡಬ್ಬಿಯ ಮುಚ್ಚಳ ಹಾಕಲು ಮರೆತ ಹಪ್ಪಳದ ಗತಿ ಆಗಿರುತ್ತದೆ ಅದಕ್ಕೆ. ಅಂಚು ಅಲೆಅಲೆಯಾಗಿದೆ, ಹಾಳೆ ಮೆತ್ತಗಾಗಿದೆ, ಒಂದಕ್ಕೊಂದು ಅಂಟಿದೆ. ಅದನ್ನು 200 ಡಿಗ್ರಿಯ ಉರುಳೆಗೆ ಕೊಟ್ಟರೆ ಒಳಗಿನ ನೀರು ಆವಿಯಾಗಿ ಹಾಳೆ ಸುರುಳಿ ಸುತ್ತುತ್ತದೆ. ವಕ್ರಾದಲ್ಲಿ ಭಾನುವಾರ ಬೆಳಿಗ್ಗೆ ಜ್ಯಾಮಿನ ಮುಹೂರ್ತ ಏಕೆಂದು ಈಗ ತಿಳಿಯಿತಲ್ಲ.

ಇದಕ್ಕೆ ತದ್ವಿರುದ್ಧವೂ ಉಂಟು. ಒಣಹವೆಯ ದಿನಗಳು, ಮೇಲೆ ದಿನವಿಡೀ ಏಸಿ. ಕಾಗದ ಪೂರ್ತಿ ಒಣಗಿದರೆ ಹಾಳೆಗಳ ನಡುವೆ ವಿದ್ಯುತ್ ಹುಟ್ಟಿ ಎರಡು ಮೂರು ಒಟ್ಟಿಗೆ ಹೋಗುತ್ತವೆ. ಜೂನಿನಲ್ಲಿ ಶಮಾಲ್ ಗಾಳಿ ಬೀಸಿದರೆ ನುಣ್ಣನೆಯ ಮರಳ ಧೂಳು ಬಾಗಿಲಿನ ಸಂದಿನಿಂದ ಬಂದು ರೋಲರಿನ ರಬ್ಬರಿಗೆ ಮೆತ್ತುತ್ತದೆ. ರೋಲರ್ ತಿರುಗುತ್ತದೆ, ಹಾಳೆ ಕದಲುವುದಿಲ್ಲ. ನೀರಿನಲ್ಲಿ ಹಿಂಡಿದ, ಎಳೆ ಬಿಡದ ಬಟ್ಟೆಯಲ್ಲಿ ಅದನ್ನು ಒರೆಸಿ. ರಬ್ಬರ್ ಗಾಜಿನಂತೆ ನುಣುಪಾಗಿದ್ದರೆ ಒರೆಸಿ ಪ್ರಯೋಜನವಿಲ್ಲ, ಹೊಸದು ಹಾಕಿಸಿ. ಆ ರೋಲರಿನ ಬೆಲೆ ಎಷ್ಟೆಂದು ಹೇಳಿದರೆ ಪರ್ಚೇಸಿನವರು ಮೂರು ಕೊಟೇಶನ್ ಕೇಳುತ್ತಾರೆ. ಆ ಮೂರು ಕೊಟೇಶನ್ನುಗಳನ್ನು ಪ್ರಿಂಟ್ ತೆಗೆಯಲು ಹೇಳುತ್ತಾರೆ.

ಮಾಡಬೇಕಾದದ್ದು ಕಷ್ಟದ್ದಲ್ಲ. ಬಿಚ್ಚಿದ ರೀಮನ್ನು ಪ್ಲಾಸ್ಟಿಕ್ ಚೀಲದಲ್ಲಿ ಕಟ್ಟಿಡಿ. ನೆಲದ ಮೇಲೆ, ಕಿಟಕಿಯ ಬುಡದಲ್ಲಿ, ಏಸಿಯ ನೀರು ತೊಟ್ಟಿಕ್ಕುವಲ್ಲಿ ಇಡಬೇಡಿ. ತಂಪು ಸ್ಟೋರಿನಿಂದ ಸೈಟಿನ ಪೋರ್ಟಾ ಕ್ಯಾಬಿನ್ನಿಗೆ ಕಾಗದ ಒಯ್ದರೆ ಹೊದಿಕೆ ಬಿಚ್ಚದೆ ಒಂದು ದಿನ ಬಿಡಿ, ಇಲ್ಲದಿದ್ದರೆ ತಣ್ಣನೆಯ ಹಾಳೆಯ ಮೇಲೆ ಹೊರಗಿನ ಹವೆ ನೀರಾಗಿ ಕೂರುತ್ತದೆ. ಟ್ರೇಯ ಒಳಗೋಡೆಯಲ್ಲಿ ಒಂದು ಗೆರೆ ಇದೆ, ಅದನ್ನು ಮೀರಿ ತುಂಬಬೇಡಿ. ಅಂಚಿನ ಹಿಡಿಗಳು ಹಾಳೆಗೆ ತಾಗಿರಲಿ, ಒತ್ತದಿರಲಿ. ಥಾಯ್ಲೆಂಡಿನದಿರಲಿ, ಇಂಡೊನೇಷ್ಯದ್ದಿರಲಿ, ಒಂದೇ ತಯಾರಿಕೆಯ 80 ಜಿಎಸ್ಎಂ ಕಾಗದಕ್ಕೆ ಅಂಟಿಕೊಳ್ಳಿ. ಅಗ್ಗವೆಂದು ತಂದ 70 ಜಿಎಸ್ಎಂ ವಕ್ರಾದ ಸೆಪ್ಟೆಂಬರನ್ನು ತಾಳುವುದಿಲ್ಲ. ದಾಂಡೇಲಿಯ ವೆಸ್ಟ್ ಕೋಸ್ಟ್ ಕಾಗದದಲ್ಲಿ ಪರೀಕ್ಷೆ ಬರೆದು ಬಂದವರಿಗೆ ಈ ಹಾಳೆಗಳೆಲ್ಲ ತೀರಾ ಬೆಳ್ಳಗೆ ಕಾಣುತ್ತವೆ, ಅದು ಬೇರೆ ಮಾತು.

ಈ ಎಲ್ಲವನ್ನೂ ಕಾಗದ ತುಂಬುವ ಆಫೀಸ್ ಬಾಯ್‌ಗೆ ಹೇಳಿಕೊಡಿ. ಎಂಜಿನಿಯರಿಗೆ ಹೇಳುವುದಕ್ಕಿಂತ ಇದು ಲೇಸು. ರೀಮ್ ಕೈಗೆತ್ತಿಕೊಂಡ ಕೂಡಲೇ ಭಾರ ಹೆಚ್ಚಿದೆಯೋ ಇಲ್ಲವೋ ಎಂದು ಹೇಳುವುದು ಅವನಿಗೆ ಬರುತ್ತದೆ. ಈ ಕೈಪಿಡಿಯನ್ನು ಅವನೇ ಬರೆದಿದ್ದರೆ ಅರ್ಧ ಪುಟದಲ್ಲಿ ಮುಗಿಸುತ್ತಿದ್ದ.

ಬಿಡಿಸಿದ ಮೇಲೆ

ಕಾರ್ಟ್ರಿಜ್ ಕೂರಿಸಿ, ಎಲ್ಲ ಬಾಗಿಲು ಮುಚ್ಚಿ, ಟ್ರೇಯನ್ನು "ಟಕ್" ಎನ್ನುವ ತನಕ ತಳ್ಳಿ. ಹಸಿರು ದೀಪ ಬರುತ್ತದೆ. ಸುತ್ತ ನಿಂತವರು "ಹಾಂ, ಅಷ್ಟೇ ಇತ್ತು" ಎನ್ನುತ್ತಾರೆ.

ಈಗ ಪ್ರಿಂಟರಿನ ಎದುರಿನಿಂದ ಕದಲಬೇಡಿ. ಜ್ಯಾಮ್ ಆಗಿದ್ದಷ್ಟು ಹೊತ್ತೂ ಎಲ್ಲರೂ ತಮ್ಮ ತಮ್ಮ ಕುರ್ಚಿಯಿಂದ ಮತ್ತೆ ಮತ್ತೆ ಒತ್ತಿದ ಪ್ರಿಂಟುಗಳೆಲ್ಲ ಸಾಲುಗಟ್ಟಿ ನಿಂತಿವೆ. ಅವು ಬರಲು ಶುರುವಾಗುತ್ತವೆ. ಒಂದೇ ಮೆಥಡ್ ಸ್ಟೇಟ್‌ಮೆಂಟ್ ಐದು ಸಲ. ಯಾರದ್ದೋ ಮಗುವಿನ ಶಾಲೆಯ ಮಗ್ಗಿ. ಯಾರದ್ದೋ ಮಂಗಳೂರಿನ ವಿಮಾನದ ಟಿಕೆಟ್, ರಜೆಯ ಅರ್ಜಿಗಿಂತ ಮುಂಚೆ. ಅದರ ಬೆನ್ನಿಗೇ, ಪ್ಲಾನಿಂಗ್ ವಿಭಾಗದವರೊಬ್ಬರ ಹೊಸ ಬಯೋಡಾಟಾ, ಎರಡು ಪ್ರತಿ, ಮ್ಯಾನೇಜರ್ ಪಕ್ಕದಲ್ಲೇ ನಿಂತಿರುವಾಗ. ಲೇಸರ್ ಪ್ರಿಂಟರ್ ಹಾಳೆಗಳನ್ನು ಮುಖ ಕೆಳಗೆ ಮಾಡಿ ಹಾಕುವುದು ಇಂಥ ಸಂದರ್ಭಕ್ಕೇ. ಮಗುಚದೆ ಎತ್ತಿಕೊಳ್ಳಿ, ನಡುವೆ ಮಡಚಿ, ಅವರ ಮೇಜಿನ ಮೇಲಿಟ್ಟು, "ನಿಮ್ಮ ಡ್ರಾಯಿಂಗ್" ಎನ್ನಿ. ಹಿಂತಿರುಗುವಷ್ಟರಲ್ಲಿ ಟ್ರೇ ಖಾಲಿ ಎಂದು ಪರದೆ ಹೇಳುತ್ತಿರುತ್ತದೆ. ಯಾರೋ ಆಗಲೇ ಅದನ್ನು ಆಫ್ ಮಾಡಿ ಆನ್ ಮಾಡುತ್ತಿರುತ್ತಾರೆ.